ಬ್ರಹ್ಮ ಪ್ರಕಾಶ್ (ಲೋಹಶಾಸ್ತ್ರಜ್ಞ)

ಬ್ರಹ್ಮ ಪ್ರಕಾಶ್ (ಜನನ: ಆಗಸ್ಟ್ 21, 1912 – ಮರಣ: ಜನವರಿ 3, 1984) ಭಾರತದ ಹೆಸರಾಂತ ಲೋಹಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾದ ಮೊದಲ ಭಾರತೀಯರು ಇವರೇ. ಯುರೇನಿಯಂ, ಜಿರ್ಕೋನಿಯಂ ಮೊದಲಾದ ಲೋಹಗಳನ್ನು ಪರಮಾಣು ಸ್ಥಾವರಕ್ಕೆ ಬೇಕಾದ ಶುದ್ಧತೆಯಲ್ಲಿ ನಮ್ಮ ದೇಶದಲ್ಲಿಯೇ ತಯಾರಿಸುವ ಕಾರ್ಯಕ್ಕೆ ಇವರು ಮುಂದಾಳತ್ವ ವಹಿಸಿದರು. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣವನ್ನು ರೂಪಿಸಿದವರಲ್ಲಿ ಪ್ರಮುಖರು. ಜೀವನದ ಕೊನೆಯ ಘಟ್ಟದಲ್ಲಿ, 1972ರಿಂದ 1979ರವರೆಗೆ, ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪ್ರಥಮ ನಿರ್ದೇಶಕರಾಗಿದ್ದರು.

ದೆಹಲಿಯ ಮೊದಲ ಮುಖ್ಯಮಂತ್ರಿ ಚೌಧರಿ ಬ್ರಹ್ಮ ಪ್ರಕಾಶ್ ಬೇರೆ ವ್ಯಕ್ತಿ. ಇಬ್ಬರೂ ಒಂದೇ ಕಾಲದವರಾದ ಕಾರಣ ಹುಡುಕುವವರಿಗೆ ಗೊಂದಲವಾಗುವುದುಂಟು.

ಜನನ ಮತ್ತು ವಿದ್ಯಾಭ್ಯಾಸ

ಬ್ರಹ್ಮ ಪ್ರಕಾಶ್ ಅವಿಭಜಿತ ಪಂಜಾಬಿನ ಲಾಹೋರಿನಲ್ಲಿ ಜನಿಸಿದರು. ಅವರ ಮೂಲ ಅಧ್ಯಯನ ರಸಾಯನಶಾಸ್ತ್ರ. 1942ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದರು. ಆ ಕಾಲದ ಲಾಹೋರಿನಲ್ಲಿ ರಸಾಯನಶಾಸ್ತ್ರದ ದೊಡ್ಡ ಹೆಸರೆಂದರೆ ಶಾಂತಿ ಸ್ವರೂಪ್ ಭಟ್ನಾಗರ್. ಮುಂದೆ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯನ್ನು ಕಟ್ಟಿದ ಭಟ್ನಾಗರರೊಂದಿಗೆ ಬ್ರಹ್ಮ ಪ್ರಕಾಶರೂ ಕೆಲಸ ಮಾಡಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರದ ಸೇವೆಯಲ್ಲಿ ಲೋಹ ಪರೀಕ್ಷಕರಾಗಿದ್ದರು. ರಸಾಯನಶಾಸ್ತ್ರದಿಂದ ಲೋಹಶಾಸ್ತ್ರದ ಕಡೆಗೆ ಅವರು ಹೊರಳಿದ್ದು ಈ ಕೆಲಸದ ಮೂಲಕ.

ಯುದ್ಧಾನಂತರ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ತೆರಳಿದರು. ಅಲ್ಲಿ ಖನಿಜ ಇಂಜಿನಿಯರಿಂಗ್ ಮತ್ತು ಲೋಹಗಳ ಉಷ್ಣಬಲವಿಜ್ಞಾನವನ್ನು ಅಭ್ಯಸಿಸಿ 1949ರಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಈ ನಡುವೆ 1947ರ ವಿಭಜನೆಯಲ್ಲಿ ಅವರು ಹುಟ್ಟಿ ಓದಿದ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು. ಸ್ವತಂತ್ರ ಭಾರತದಲ್ಲಿ ಅವರು ಕೈಹಾಕಿದ ಕೆಲಸವೂ ಹೊಸದೇ ಆಗಿತ್ತು. ಪರಮಾಣು ಶಕ್ತಿ ಆಯೋಗವು 1948ರಲ್ಲಿ ಸ್ಥಾಪನೆಯಾಗಿ, ಹೋಮಿ ಜಹಾಂಗೀರ್ ಭಾಭಾ ಅದರ ಅಧ್ಯಕ್ಷರಾಗಿದ್ದರು. ಭಾಭಾ ಆರಿಸಿಕೊಂಡ ಮೊದಲ ತಲೆಮಾರಿನ ತಜ್ಞರಲ್ಲಿ ಬ್ರಹ್ಮ ಪ್ರಕಾಶ್ ಒಬ್ಬರು.

ಬೆಂಗಳೂರಿನ ವರ್ಷಗಳು

ಆಯೋಗವೇನೋ ಇತ್ತು, ಆದರೆ ಲೋಹಶಾಸ್ತ್ರಜ್ಞನೊಬ್ಬನು ಕೆಲಸ ಮಾಡಲು ಬೇಕಾದ ಕುಲುಮೆ, ಪ್ರಯೋಗಾಲಯಗಳು ಮುಂಬಯಿಯಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಬ್ರಹ್ಮ ಪ್ರಕಾಶ್ 1951ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರದ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಪರಿಚಿತವಾದ ಈ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ ಆರಂಭವಾದದ್ದು 1945ರಲ್ಲಿ. ಅದರ ಮೊದಲ ಮುಖ್ಯಸ್ಥರು ಇಂಗ್ಲೆಂಡಿನಿಂದ ಬಂದ ಫ್ರಾಂಕ್ ಆಡ್‌ಕಾಕ್. ಅವರ ನಂತರ ಆ ಸ್ಥಾನಕ್ಕೆ ಬಂದವರು ಬ್ರಹ್ಮ ಪ್ರಕಾಶ್.

ಮೈಸೂರು ಸೀಮೆಗೆ ಲೋಹದ ಕೆಲಸ ಅಪರಿಚಿತವಾಗಿರಲಿಲ್ಲ. ಕೋಲಾರದ ಗಣಿಗಳಲ್ಲಿ ಸಯನೈಡ್ ದ್ರಾವಣದಿಂದ ಚಿನ್ನ ತೆಗೆಯುವುದು ಹಳೆಯ ಮಾತಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ನಡೆಯುತ್ತಿತ್ತು. ಆದರೆ ಈ ಅನುಭವವೆಲ್ಲ ಕಬ್ಬಿಣ, ಚಿನ್ನಗಳಂಥ ಹಳೆಯ ಲೋಹಗಳದು. ಪರಮಾಣು ಯುಗಕ್ಕೆ ಬೇಕಾಗಿದ್ದ ಲೋಹಗಳ ಸ್ವಭಾವವೇ ಬೇರೆ. ಅವು ಆಮ್ಲಜನಕ, ಸಾರಜನಕ, ಇಂಗಾಲಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಕಾದಾಗ ಗಾಳಿಯನ್ನೇ ಹೀರಿಕೊಂಡು ಪೆಡಸಾಗುತ್ತವೆ. ಅವುಗಳನ್ನು ಅದಿರಿನಿಂದ ಬಿಡಿಸಲು ಕಲ್ಲಿದ್ದಲಿನ ಕುಲುಮೆ ಉಪಯೋಗಕ್ಕೆ ಬಾರದು.

ಯಾವ ಅದಿರಿನಿಂದ ಯಾವ ಲೋಹವನ್ನು ಯಾವ ವಸ್ತುವಿನ ನೆರವಿನಿಂದ ಬಿಡಿಸಬಹುದು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಶಾಸ್ತ್ರವೇ ಲೋಹಗಳ ಉಷ್ಣಬಲವಿಜ್ಞಾನ. ಕಬ್ಬಿಣದ ಆಕ್ಸೈಡನ್ನು ಇಂಗಾಲವು ಸುಲಭವಾಗಿ ಅಪಕರ್ಷಿಸುತ್ತದೆ. ಜಿರ್ಕೋನಿಯಂ ಆಕ್ಸೈಡಿಗೆ ಇಂಗಾಲ ಬೆರೆಸಿ ಕಾಯಿಸಿದರೆ ಲೋಹದ ಬದಲು ಕಾರ್ಬೈಡ್ ದೊರೆಯುತ್ತದೆ. ಆದ್ದರಿಂದ ಮೊದಲು ಅದನ್ನು ಕ್ಲೋರೈಡ್ ಆಗಿ ಪರಿವರ್ತಿಸಿ, ಕ್ಲೋರಿನ್ನನ್ನು ಇನ್ನೂ ಬಲವಾಗಿ ಹಿಡಿಯಬಲ್ಲ ಮೆಗ್ನೀಸಿಯಂ ಲೋಹದಿಂದ ಬಿಡಿಸಬೇಕು. ಇಂಥ ತರ್ಕ ಇಂದು ಪಠ್ಯಪುಸ್ತಕದ ಮಾತು. 1950ರ ದಶಕದ ಆರಂಭದಲ್ಲಿ ಇದನ್ನು ಕಲಿತು ಬಂದು ಕಲಿಸಬಲ್ಲವರು ಭಾರತದಲ್ಲಿ ಬೆರಳೆಣಿಕೆಯಷ್ಟಿದ್ದರು. ಅಂಥ ಒಬ್ಬರು ವಿಭಾಗವೊಂದನ್ನು ಆರು ವರ್ಷ ನಡೆಸಿದ್ದರ ಪರಿಣಾಮವನ್ನು ಕಡಿಮೆ ಎಣಿಸುವಂತಿಲ್ಲ. ಈಗ ವಸ್ತು ಇಂಜಿನಿಯರಿಂಗ್ ವಿಭಾಗ ಎಂಬ ಹೆಸರು ಹೊತ್ತಿರುವ ಆ ವಿಭಾಗವು ದೇಶದ ಪ್ರಮುಖ ಲೋಹಶಾಸ್ತ್ರ ಕೇಂದ್ರಗಳಲ್ಲೊಂದಾಗಿ ಬೆಳೆದಿದೆ.

ಸಂಸ್ಥೆಗೆ 1951ರಲ್ಲೇ ಸೇರಿದ ಇನ್ನೊಬ್ಬರು ಸತೀಶ್ ಧವನ್. ಲಾಹೋರಿನಲ್ಲಿ ಓದಿ, ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿ ಬೆಂಗಳೂರಿಗೆ ಬಂದ ಈ ಇಬ್ಬರೂ ಎರಡು ದಶಕಗಳ ನಂತರ ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ಮತ್ತೆ ಜೊತೆಗೂಡಬೇಕಾಯಿತು.

ಟ್ರಾಂಬೆ: ಯುರೇನಿಯಂ ಲೋಹ

ಮುಂಬಯಿ ಸಮೀಪದ ಟ್ರಾಂಬೆಯಲ್ಲಿ ಪರಮಾಣು ಶಕ್ತಿ ಸಂಸ್ಥೆ ರೂಪುಗೊಂಡು 1957ರ ಜನವರಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ಅದೇ ವರ್ಷ ಬ್ರಹ್ಮ ಪ್ರಕಾಶ್ ಬೆಂಗಳೂರು ಬಿಟ್ಟು ಟ್ರಾಂಬೆಗೆ ಮರಳಿದರು. ಅಲ್ಲಿನ ಲೋಹಶಾಸ್ತ್ರ ಬಳಗವನ್ನು ಕಟ್ಟುವ ಹೊಣೆ ಅವರದಾಯಿತು. ಭಾಭಾ ನಿಧನರಾದ ನಂತರ ಈ ಸಂಸ್ಥೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂಬ ಹೆಸರು ಬಂದಿತು.

ಭಾರತದ ಮೊದಲ ಪರಮಾಣು ರಿಯಾಕ್ಟರ್ ಅಪ್ಸರಾ 1956ರ ಆಗಸ್ಟಿನಲ್ಲಿ ಕಾರ್ಯಾರಂಭ ಮಾಡಿದಾಗ ಅದರ ಇಂಧನ ಬ್ರಿಟನ್ನಿನಿಂದ ಬಂದದ್ದು. ಎರಡನೆಯದಾದ 40 ಮೆಗಾವ್ಯಾಟಿನ ಸೈರಸ್ ರಿಯಾಕ್ಟರನ್ನು ಕೆನಡಾದ ನೆರವಿನಿಂದ ಕಟ್ಟಲಾಗುತ್ತಿತ್ತು. ಅದಕ್ಕೆ ಬೇಕಾದ ಯುರೇನಿಯಂ ಲೋಹದ ಸರಳುಗಳನ್ನು ಇಲ್ಲಿಯೇ ಮಾಡಬೇಕೆಂಬುದು ಭಾಭಾ ಅವರ ಹಟ. ರಿಯಾಕ್ಟರನ್ನು ಹೊರಗಿನವರ ನೆರವಿನಿಂದ ಕಟ್ಟಬಹುದು, ಇಂಧನಕ್ಕೂ ಅವರನ್ನೇ ನಂಬಿದರೆ ಯಾವಾಗ ಬೇಕಾದರೂ ಕೈಕಟ್ಟಿ ಕೂರಬೇಕಾದೀತು ಎಂಬ ಎಚ್ಚರ ಅದರ ಹಿಂದಿತ್ತು. ಈ ಎಚ್ಚರ ಎಷ್ಟು ಸರಿಯಾಗಿತ್ತೆಂಬುದು 1974ರಲ್ಲಿ ತಿಳಿಯಿತು.

ಪರಮಾಣು ದರ್ಜೆಯ ಯುರೇನಿಯಂ ಎಂದರೆ ಅಸಾಮಾನ್ಯ ಶುದ್ಧತೆಯ ಲೋಹ. ಬೋರಾನ್, ಕ್ಯಾಡ್ಮಿಯಂಗಳು ನ್ಯೂಟ್ರಾನುಗಳನ್ನು ನುಂಗುವ ಧಾತುಗಳು. ಹತ್ತು ಲಕ್ಷ ಭಾಗ ಯುರೇನಿಯಂನಲ್ಲಿ ಅವು ಒಂದು ಭಾಗಕ್ಕಿಂತಲೂ ಕಡಿಮೆ ಇರಬೇಕು. ಇಲ್ಲವಾದರೆ ಸರಪಳಿ ಕ್ರಿಯೆ ಕುಂಟುತ್ತದೆ. ಕಚ್ಚಾ ಯುರೇನಿಯಂ ಸಂಯುಕ್ತವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ಟ್ರೈಬ್ಯೂಟೈಲ್ ಫಾಸ್ಫೇಟಿನೊಂದಿಗೆ ಕಲಕಿದರೆ ಯುರೇನಿಯಂ ನೀರನ್ನು ಬಿಟ್ಟು ಎಣ್ಣೆಯ ಪದರಕ್ಕೆ ಏರುತ್ತದೆ, ಕಲ್ಮಶಗಳು ಕೆಳಗೆ ಉಳಿಯುತ್ತವೆ. ಹೀಗೆ ಶುದ್ಧವಾದದ್ದನ್ನು ಆಕ್ಸೈಡ್ ಆಗಿಸಿ, ಅನಂತರ ಫ್ಲೋರೈಡ್ ಆಗಿಸಿ, ಕ್ಯಾಲ್ಸಿಯಂನಂಥ ಕ್ರಿಯಾಶೀಲ ಲೋಹದೊಡನೆ ಮುಚ್ಚಿದ ಪಾತ್ರೆಯಲ್ಲಿ ಉರಿಸಿದಾಗ ಯುರೇನಿಯಂ ಕರಗಿ ತಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಟ್ರಾಂಬೆಯ ಯುರೇನಿಯಂ ಲೋಹ ಸ್ಥಾವರದಲ್ಲಿ ಇಂಥ ಮೊದಲ ಗಟ್ಟಿ 1959ರ ಜನವರಿಯಲ್ಲಿ ಹೊರಬಂದಿತು. ಇದು ಹೋಮಿ ಸೇಠ್ನಾ ಮೊದಲಾದ ರಾಸಾಯನಿಕ ಇಂಜಿನಿಯರುಗಳೂ ಲೋಹಶಾಸ್ತ್ರಜ್ಞರೂ ಸೇರಿ ಸಾಧಿಸಿದ ಕೆಲಸ. ಒಬ್ಬರ ಹೆಸರಿಗೆ ಬರೆಯುವಂಥದ್ದಲ್ಲ.

ಗಟ್ಟಿ ದೊರೆತ ಮೇಲೆ ಲೋಹಶಾಸ್ತ್ರಜ್ಞರ ಪಾಲಿನ ಕೆಲಸ ಆರಂಭವಾಗುತ್ತದೆ. ಯುರೇನಿಯಂ ಸುಲಭದ ಲೋಹವಲ್ಲ. ಕಾದಂತೆ ಅದರ ಹರಳಿನ ರಚನೆ ಎರಡು ಬಾರಿ ಬದಲಾಗುತ್ತದೆ. ಹರಳುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತರೆ ರಿಯಾಕ್ಟರಿನೊಳಗೆ ಸರಳು ಉದ್ದಕ್ಕೆ ಬೆಳೆದು ವಿಕಾರಗೊಳ್ಳುತ್ತದೆ. ಎರಕ, ಉಷ್ಣೋಪಚಾರ, ಯಂತ್ರಗೆಲಸ, ಅಲ್ಯೂಮಿನಿಯಂ ಹೊದಿಕೆಯೊಳಗೆ ಬಿಗಿಯಾಗಿ ಕೂಡಿಸುವುದು, ಬೆಸುಗೆಯಲ್ಲಿ ಕೂದಲೆಳೆಯಷ್ಟೂ ರಂಧ್ರವಿಲ್ಲವೆಂದು ಪರೀಕ್ಷಿಸುವುದು ಇವೆಲ್ಲವನ್ನೂ ಬ್ರಹ್ಮ ಪ್ರಕಾಶರ ಬಳಗ ಮಾಡಬೇಕಾಗಿತ್ತು. ಸೈರಸ್ 1960ರ ಜುಲೈ 10ರಂದು ಕಾರ್ಯಾರಂಭ ಮಾಡಿದಾಗ ಅದರ ಮೊದಲ ಇಂಧನದಲ್ಲಿ ಒಂದು ಪಾಲು ಟ್ರಾಂಬೆಯಲ್ಲೇ ತಯಾರಾದದ್ದು.

ಜಿರ್ಕೋನಿಯಂ ಮತ್ತು ಹಾಫ್ನಿಯಂ

ಬ್ರಹ್ಮ ಪ್ರಕಾಶರ ಹೆಸರಿನೊಂದಿಗೆ ಹೆಚ್ಚಾಗಿ ಕೂಡಿಕೊಂಡಿರುವ ಲೋಹ ಜಿರ್ಕೋನಿಯಂ. ಇದಕ್ಕೆ ಸ್ವಲ್ಪ ವಿವರಣೆ ಬೇಕು.

ಸೈರಸ್‌ನಂಥ ಸಂಶೋಧನಾ ರಿಯಾಕ್ಟರಿನಲ್ಲಿ ಉಷ್ಣತೆ ಕಡಿಮೆ, ಆದ್ದರಿಂದ ಅಲ್ಯೂಮಿನಿಯಂ ಹೊದಿಕೆ ಸಾಕು. ವಿದ್ಯುತ್ ಉತ್ಪಾದಿಸುವ ರಿಯಾಕ್ಟರಿನಲ್ಲಿ ನೀರು ಸುಮಾರು 300 ಡಿಗ್ರಿ ಸೆಲ್ಸಿಯಸಿನಲ್ಲಿ, ಅತಿಯಾದ ಒತ್ತಡದಲ್ಲಿ ಇಂಧನದ ಸುತ್ತ ಹರಿಯುತ್ತದೆ. ಅಲ್ಲಿ ಅಲ್ಯೂಮಿನಿಯಂ ತಾಳದು. ಉಕ್ಕು ತಾಳುತ್ತದೆ, ಆದರೆ ಅದು ನ್ಯೂಟ್ರಾನುಗಳನ್ನು ಹೀರುತ್ತದೆ. ಭಾರತ ಆರಿಸಿಕೊಂಡದ್ದು ನೈಸರ್ಗಿಕ ಯುರೇನಿಯಂ ಬಳಸುವ ಭಾರಜಲ ರಿಯಾಕ್ಟರುಗಳನ್ನು. ನೈಸರ್ಗಿಕ ಯುರೇನಿಯಂನಲ್ಲಿ ಸೀಳಬಲ್ಲ 235ರ ಐಸೋಟೋಪ್ ಇರುವುದು ಶೇಕಡಾ 0.7ರಷ್ಟು ಮಾತ್ರ. ಅಂದರೆ ನ್ಯೂಟ್ರಾನುಗಳ ವಿಷಯದಲ್ಲಿ ಇದು ಬಡವರ ಸಂಸಾರ, ಒಂದನ್ನೂ ಪೋಲು ಮಾಡುವಂತಿಲ್ಲ. ಬಿಸಿನೀರಿನಲ್ಲಿ ತುಕ್ಕು ಹಿಡಿಯದ, ಗಟ್ಟಿಯಾದ, ನ್ಯೂಟ್ರಾನುಗಳನ್ನು ಮುಟ್ಟದೆ ಬಿಡುವ ಲೋಹ ಬೇಕು. ಈ ಎಲ್ಲ ಗುಣಗಳೂ ಜಿರ್ಕೋನಿಯಂನಲ್ಲಿವೆ.

ತೊಂದರೆ ಒಂದೇ. ಪ್ರಕೃತಿಯಲ್ಲಿ ಜಿರ್ಕೋನಿಯಂ ಎಲ್ಲಿದೆಯೋ ಅಲ್ಲಿ ಹಾಫ್ನಿಯಂ ಕೂಡ ಸಾಮಾನ್ಯವಾಗಿ ಶೇಕಡಾ ಎರಡರಷ್ಟು ಬೆರೆತಿರುತ್ತದೆ. ಹಾಫ್ನಿಯಂ ನ್ಯೂಟ್ರಾನುಗಳ ಪಾಲಿಗೆ ರಾಹು. ಜಿರ್ಕೋನಿಯಂನ ನ್ಯೂಟ್ರಾನ್ ಹೀರುವ ಸಾಮರ್ಥ್ಯ ಸುಮಾರು 0.18 ಬಾರ್ನ್ ಆದರೆ ಹಾಫ್ನಿಯಂನದು ನೂರು ಬಾರ್ನಿಗೂ ಮಿಗಿಲು, ಎಂದರೆ ಐನೂರು ಪಟ್ಟಿಗಿಂತ ಹೆಚ್ಚು. ಹಾಗಾಗಿ ಬೇರ್ಪಡಿಸದ ಜಿರ್ಕೋನಿಯಂ ರಿಯಾಕ್ಟರಿಗೆ ಕೆಲಸಕ್ಕೆ ಬಾರದು. ಹಾಫ್ನಿಯಂ ಪ್ರಮಾಣವನ್ನು ಹತ್ತು ಲಕ್ಷದಲ್ಲಿ ನೂರು ಭಾಗಕ್ಕಿಂತ ಕೆಳಗಿಳಿಸಬೇಕು.

ಬೇರ್ಪಡಿಸುವುದು ಏಕೆ ಕಷ್ಟವೆಂಬುದಕ್ಕೆ ಉತ್ತರ ಆವರ್ತ ಕೋಷ್ಟಕದಲ್ಲಿದೆ. ಒಂದೇ ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣುವಿನ ಗಾತ್ರ ಹಿಗ್ಗಬೇಕು. ಜಿರ್ಕೋನಿಯಂನ ಪರಮಾಣು ಸಂಖ್ಯೆ 40, ಅದರ ಕೆಳಗಿರುವ ಹಾಫ್ನಿಯಂನದು 72. ನಡುವೆ ಲ್ಯಾಂಥನೈಡುಗಳ ಇಡೀ ಸಾಲು ಬಂದು ಹೋಗಿದೆ. ಆ ಸಾಲಿನಲ್ಲಿ ತುಂಬಿಕೊಳ್ಳುವ ಒಳಗಿನ ಎಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತವನ್ನು ಸರಿಯಾಗಿ ಮರೆಮಾಡಲಾರವು, ಆದ್ದರಿಂದ ಪರಮಾಣು ಕುಗ್ಗುತ್ತ ಬರುತ್ತದೆ. ಹಿಗ್ಗಬೇಕಾದದ್ದೂ ಕುಗ್ಗಿದ್ದೂ ಸರಿದೂಗಿ ಎರಡು ಧಾತುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದೆ. ಪದವಿಪೂರ್ವ ತರಗತಿಯ ರಸಾಯನಶಾಸ್ತ್ರ ಪಠ್ಯದಲ್ಲಿ ಲ್ಯಾಂಥನೈಡ್ ಸಂಕೋಚನಕ್ಕೆ ಉದಾಹರಣೆಯಾಗಿ ಬರುವ 160 ಮತ್ತು 159 ಪೈಕೋಮೀಟರುಗಳ ಜೋಡಿ ಇದೇ. ಗಾತ್ರವೂ ಒಂದೇ, ವೇಲೆನ್ಸಿಯೂ ಒಂದೇ ಆದುದರಿಂದ ಎರಡರ ರಾಸಾಯನಿಕ ವರ್ತನೆ ಅವಳಿ ಮಕ್ಕಳಂತೆ. ಜಿರ್ಕೋನಿಯಂ 1789ರಲ್ಲಿ ಪತ್ತೆಯಾದರೂ ಹಾಫ್ನಿಯಂ 1923ರವರೆಗೆ ಅದರೊಳಗೇ ಅಡಗಿ ಕುಳಿತಿದ್ದುದು ಈ ಕಾರಣದಿಂದ. (ಜರ್ಮನಿಯ ಕ್ಲಾಪ್ರೋತ್ 1789ರಲ್ಲಿ ಗುರುತಿಸಿದ ಇನ್ನೊಂದು ಧಾತು ಯುರೇನಿಯಂ. ಒಂದೇ ವರ್ಷ, ಒಬ್ಬನೇ ವಿಜ್ಞಾನಿಯ ಕೈಗೆ ಸಿಕ್ಕ ಈ ಎರಡು ಲೋಹಗಳು ಒಂದೂವರೆ ಶತಮಾನದ ಬಳಿಕ ಒಂದರೊಳಗೊಂದು ಸೇರಿಕೊಂಡವು.)

ಕಚ್ಚಾವಸ್ತುವಿಗೆ ಭಾರತದಲ್ಲಿ ಕೊರತೆಯಿರಲಿಲ್ಲ. ತಿರುವಾಂಕೂರು ಕರಾವಳಿಯ ಮರಳಿನ ಬೆಲೆ ಹೊರಜಗತ್ತಿಗೆ ತಿಳಿದದ್ದು 1909ರಲ್ಲಿ, ಜರ್ಮನ್ ರಸಾಯನತಜ್ಞ ಶೋಂಬರ್ಗ್ ತೆಂಗಿನ ನಾರಿನೊಂದಿಗೆ ಬಂದಿದ್ದ ಮರಳಿನಲ್ಲಿ ಮೋನಜೈಟ್ ಕಂಡಾಗ. ಥೋರಿಯಂ ಇರುವ ಮೋನಜೈಟ್, ಟೈಟಾನಿಯಂ ಇರುವ ಇಲ್ಮನೈಟುಗಳ ಜೊತೆಗೆ ಜಿರ್ಕಾನ್ ಎಂಬ ಜಿರ್ಕೋನಿಯಂ ಸಿಲಿಕೇಟ್ ಕೂಡ ಅದೇ ಮರಳಿನಲ್ಲಿದೆ. ಸ್ವಾತಂತ್ರ್ಯಾನಂತರ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ 1952ರಲ್ಲಿ ಆಲುವಾಯಲ್ಲಿ ಕಾರ್ಖಾನೆ ತೆರೆದು ಈ ಮರಳಿನ ಸಂಸ್ಕರಣೆಗೆ ತೊಡಗಿತ್ತು. ಮರಳು ನಮ್ಮದಾದರೂ ಅದರಿಂದ ಲೋಹ ತೆಗೆಯುವ ವಿದ್ಯೆಯನ್ನು ಹೊಂದಿದ ದೇಶಗಳು ಕೆಲವೇ.

ಟ್ರಾಂಬೆಯಲ್ಲಿ ಪ್ರಯೋಗಾಲಯದಿಂದ ಆರಂಭಿಸಿ ಹಂತಹಂತವಾಗಿ ರೂಪಿಸಿದ ಕ್ರಮ ಸ್ಥೂಲವಾಗಿ ಹೀಗಿದೆ. ಜಿರ್ಕಾನ್ ಮರಳನ್ನು ಕಾಸ್ಟಿಕ್ ಸೋಡಾದೊಂದಿಗೆ ಕಾಯಿಸಿ ಒಡೆದು, ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಯುರೇನಿಯಂ ಶುದ್ಧಿಗೆ ಬಳಸಿದ ಟ್ರೈಬ್ಯೂಟೈಲ್ ಫಾಸ್ಫೇಟ್ ಇಲ್ಲಿಯೂ ನೆರವಿಗೆ ಬರುತ್ತದೆ. ಜಿರ್ಕೋನಿಯಂ ನೈಟ್ರೇಟ್ ಎಣ್ಣೆಯ ಪದರಕ್ಕೆ ಹೋಗಲು ಹಾಫ್ನಿಯಂಗಿಂತ ತುಸು ಹೆಚ್ಚು ಒಲವು ತೋರುತ್ತದೆ. ಆ ಒಲವು ಸಣ್ಣದು, ಆದ್ದರಿಂದ ಒಂದೇ ಸಲಕ್ಕೆ ಬೇರೆಯಾಗುವುದಿಲ್ಲ. ಎರಡು ದ್ರವಗಳನ್ನು ಎದುರುಬದುರಾಗಿ ಹರಿಸಿ ಮತ್ತೆ ಮತ್ತೆ ಕಲಕಿ ನಿಲ್ಲಿಸಿದಾಗ ಹಾಫ್ನಿಯಂ ಹಿಂದೆ ಉಳಿಯುತ್ತದೆ. ಶುದ್ಧ ಆಕ್ಸೈಡಿಗೆ ಇಂಗಾಲ ಬೆರೆಸಿ ಕ್ಲೋರಿನ್ ಹಾಯಿಸಿದರೆ ಜಿರ್ಕೋನಿಯಂ ಟೆಟ್ರಾಕ್ಲೋರೈಡಿನ ಆವಿ ಹೊರಡುತ್ತದೆ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ರೂಪಿಸಿದ ವಿಧಾನದಂತೆ ಗಾಳಿ ಸೋಕದ ಪಾತ್ರೆಯಲ್ಲಿ ಆ ಆವಿಯನ್ನು ಕರಗಿದ ಮೆಗ್ನೀಸಿಯಂ ಮೇಲೆ ಬಿಟ್ಟಾಗ ರಂಧ್ರರಂಧ್ರವಾದ ಲೋಹ ದೊರೆಯುತ್ತದೆ. ಇದಕ್ಕೆ ಸ್ಪಂಜ್ ಎಂದೇ ಹೆಸರು. ಉಳಿದ ಮೆಗ್ನೀಸಿಯಂ ಮತ್ತು ಅದರ ಕ್ಲೋರೈಡನ್ನು ನಿರ್ವಾತದಲ್ಲಿ ಕಾಯಿಸಿ ತೆಗೆದು, ಸ್ಪಂಜನ್ನು ತವರ ಮೊದಲಾದ ಲೋಹಗಳೊಂದಿಗೆ ನಿರ್ವಾತದ ವಿದ್ಯುತ್ ಚಾಪದಲ್ಲಿ ಕರಗಿಸಿದರೆ ಜಿರ್ಕಲಾಯ್ ಮಿಶ್ರಲೋಹವಾಗುತ್ತದೆ. ಕೊನೆಗೆ ಅದನ್ನು ಒತ್ತಿ ಎಳೆದು ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಗೋಡೆಯ ಕೊಳವೆಗಳನ್ನಾಗಿ ಮಾಡಬೇಕು.

ಹೇಳಿದಷ್ಟು ಸರಾಗವಾಗಿ ಇದು ನಡೆಯುವುದಿಲ್ಲ. ನುಣುಪಾದ ಜಿರ್ಕೋನಿಯಂ ಪುಡಿಯೂ ಸ್ಪಂಜಿನ ಚೂರೂ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳಬಲ್ಲವು. ಸ್ವಲ್ಪ ಸಾರಜನಕ ಸೇರಿದರೂ ಬಿಸಿನೀರಿನಲ್ಲಿ ಲೋಹ ಕೆಡುತ್ತದೆ, ಸ್ವಲ್ಪ ಜಲಜನಕ ಸೇರಿದರೆ ಪೆಡಸಾಗಿ ಸೀಳುತ್ತದೆ. ಸಾವಿರಾರು ಕೊಳವೆಗಳಲ್ಲಿ ಒಂದು ಸೋರಿದರೂ ವಿಕಿರಣಶೀಲ ವಸ್ತು ನೀರಿಗೆ ಬರುತ್ತದೆ. ಜಿರ್ಕೋನಿಯಂ ಅಲ್ಲದೆ ನಯೋಬಿಯಂ, ಟಾಂಟಲಂ, ಬೆರಿಲಿಯಂನಂಥ ಅಪರೂಪದ ಲೋಹಗಳ ಮೇಲೂ ಟ್ರಾಂಬೆಯಲ್ಲಿ ಕೆಲಸ ನಡೆಯಿತು.

ಪರಮಾಣು ಇಂಧನ ಸಂಕೀರ್ಣ

ಟ್ರಾಂಬೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕೈಗೂಡಿದ್ದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಲು ಹೈದರಾಬಾದಿನಲ್ಲಿ ಪರಮಾಣು ಇಂಧನ ಸಂಕೀರ್ಣವನ್ನು ಯೋಜಿಸಲಾಯಿತು. ಬ್ರಹ್ಮ ಪ್ರಕಾಶ್ ಇದರ ಯೋಜನಾ ನಿರ್ದೇಶಕರಾಗಿದ್ದರು. ಸಂಕೀರ್ಣವು 1971ರಲ್ಲಿ ಅಸ್ತಿತ್ವಕ್ಕೆ ಬಂದಿತು. ಜಿರ್ಕಾನ್ ಮರಳಿನಿಂದ ಕೊಳವೆಯವರೆಗೆ, ಕಚ್ಚಾ ಯುರೇನಿಯಂನಿಂದ ಇಂಧನದ ಕಟ್ಟಿನವರೆಗೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯಬೇಕೆಂಬುದು ಇದರ ವೈಶಿಷ್ಟ್ಯ. ವಿದೇಶದ ಸಿದ್ಧ ಕಾರ್ಖಾನೆಯನ್ನು ಕೊಂಡು ತರುವುದು ಆಗ ಹೆಚ್ಚು ಸುಲಭವೆಂದು ಕಂಡಿರಬಹುದು. ಆದರೆ ಈ ಸಂಕೀರ್ಣ ಟ್ರಾಂಬೆಯಲ್ಲಿ ಬೆಳೆದ ವಿದ್ಯೆಯ ಮೇಲೆ ನಿಂತಿತು.

ನಿರ್ಧಾರದ ಪರೀಕ್ಷೆ ಬೇಗನೆ ಬಂದಿತು. ಭಾರತವು 1974ರ ಮೇ 18ರಂದು ಪೋಖರಣ್‌ನಲ್ಲಿ ಪರಮಾಣು ಸ್ಫೋಟ ನಡೆಸಿದ ಬಳಿಕ ಕೆನಡಾ ತನ್ನ ನೆರವನ್ನು ನಿಲ್ಲಿಸಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಎರಡನೆಯ ಘಟಕ ಅರ್ಧಕ್ಕೆ ನಿಂತಿತ್ತು. ಅಮೆರಿಕವೂ ತಾರಾಪುರದ ಇಂಧನ ಪೂರೈಕೆಯ ವಿಷಯದಲ್ಲಿ ಬಿಗಿ ಹಿಡಿಯತೊಡಗಿತು. ಆ ಹೊತ್ತಿಗೆ ಹೈದರಾಬಾದಿನಲ್ಲಿ ಜಿರ್ಕಲಾಯ್ ಕೊಳವೆಗಳೂ ಭಾರಜಲ ರಿಯಾಕ್ಟರಿನ ಇಂಧನವೂ ದೇಶದೊಳಗೆ ತಯಾರಾಗುವ ವ್ಯವಸ್ಥೆ ಇದ್ದುದರಿಂದ ಕಾರ್ಯಕ್ರಮ ತಡವಾಯಿತೇ ವಿನಾ ನಿಲ್ಲಲಿಲ್ಲ. ರಾವತ್‌ಭಾಟಾದ ಎರಡನೆಯ ಘಟಕವನ್ನು ಭಾರತೀಯರೇ ಪೂರ್ಣಗೊಳಿಸಿದರು. ಸಂಪೂರ್ಣವಾಗಿ ಭಾರತೀಯರೇ ಕಟ್ಟಿದ ಮದ್ರಾಸು ಪರಮಾಣು ವಿದ್ಯುತ್ ಸ್ಥಾವರದ ಮೊದಲ ಘಟಕ ಕಲ್ಪಾಕ್ಕಂನಲ್ಲಿ 1983ರ ಜುಲೈನಲ್ಲಿ ಕಾರ್ಯಾರಂಭ ಮಾಡಿತು. ಬ್ರಹ್ಮ ಪ್ರಕಾಶ್ ತೀರಿಕೊಂಡದ್ದು ಅದಾದ ಆರು ತಿಂಗಳ ಬಳಿಕ.

ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ

ಬಾಹ್ಯಾಕಾಶ ಕಾರ್ಯಕ್ರಮದ ರೂವಾರಿ ವಿಕ್ರಂ ಸಾರಾಭಾಯಿ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಹಠಾತ್ತನೆ ನಿಧನರಾದರು. ತಿರುವನಂತಪುರದ ತುಂಬಾ ಎಂಬ ಮೀನುಗಾರರ ಹಳ್ಳಿಯ ಸುತ್ತ ರಾಕೆಟ್ ಉಡಾವಣೆ, ಇಂಧನ, ತಯಾರಿಕೆ, ಸಂಶೋಧನೆಗಳಿಗೆ ಪ್ರತ್ಯೇಕ ಘಟಕಗಳು ಬೆಳೆದಿದ್ದವು. ಅವನ್ನೆಲ್ಲ ಒಗ್ಗೂಡಿಸಿ 1972ರಲ್ಲಿ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವೆಂದು ಹೆಸರಿಸಲಾಯಿತು. ಅದೇ ವರ್ಷ ಇಸ್ರೋ ಅಧ್ಯಕ್ಷರಾದ ಸತೀಶ್ ಧವನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನೂ ಉಳಿಸಿಕೊಂಡಿದ್ದರು. ತಿರುವನಂತಪುರದ ಕೇಂದ್ರಕ್ಕೆ ನಿರ್ದೇಶಕರಾಗಿ ಬಂದವರು ಅರುವತ್ತರ ಹೊಸ್ತಿಲಲ್ಲಿದ್ದ ಬ್ರಹ್ಮ ಪ್ರಕಾಶ್.

ರಾಕೆಟ್ಟಿಗೂ ಲೋಹಶಾಸ್ತ್ರಜ್ಞನಿಗೂ ಏನು ಸಂಬಂಧವೆಂದು ಕೇಳಬಹುದು. ಘನ ಇಂಧನದ ರಾಕೆಟ್ ಎಂದರೆ ಒಳಗೆ ಸುಮಾರು 3000 ಡಿಗ್ರಿಯ ಬೆಂಕಿ ಉರಿಯುವ ತೆಳುವಾದ ಕೊಳವೆ. ಅದು ಸಿಡಿಯದಷ್ಟು ಗಟ್ಟಿಯೂ ಹಾರಬಲ್ಲಷ್ಟು ಹಗುರವೂ ಆಗಿರಬೇಕು. ಅತಿ ಬಲದ ಉಕ್ಕು, ಗ್ರಾಫೈಟ್, ನಾರು ಹೆಣೆದ ಸಂಯುಕ್ತ ವಸ್ತುಗಳು ಇವೆಲ್ಲವೂ ವಸ್ತುವಿಜ್ಞಾನದ ಪ್ರಶ್ನೆಗಳೇ. ಆದರೂ ಅವರನ್ನು ಆರಿಸಿದ್ದಕ್ಕೆ ಇನ್ನೂ ಮುಖ್ಯವಾದ ಕಾರಣ ದೊಡ್ಡ ಯೋಜನೆಯನ್ನು ನಡೆಸಿದ ಅನುಭವ ಎಂದು ತೋರುತ್ತದೆ. ಸ್ವತಂತ್ರವಾಗಿ ಬೆಳೆದ ಘಟಕಗಳ ತರುಣ ಇಂಜಿನಿಯರುಗಳನ್ನು, ಅವರವರ ಅಭಿಮಾನಕ್ಕೆ ಪೆಟ್ಟಾಗದಂತೆ, ಒಂದೇ ಗುರಿಯತ್ತ ತಿರುಗಿಸುವುದು ಸುಲಭದ ಕೆಲಸವಾಗಿರಲಿಲ್ಲ.

ಆ ಗುರಿಯೆಂದರೆ ಎಸ್‌ಎಲ್‌ವಿ-3. ಸುಮಾರು 22 ಮೀಟರ್ ಎತ್ತರ, 17 ಟನ್ ತೂಕದ, ನಾಲ್ಕು ಹಂತಗಳ ಈ ವಾಹನ ಸುಮಾರು 40 ಕಿಲೋಗ್ರಾಂ ತೂಕದ ಉಪಗ್ರಹವನ್ನು ಕಕ್ಷೆಗೆ ಸೇರಿಸಬೇಕಿತ್ತು. ಎ. ಪಿ. ಜೆ. ಅಬ್ದುಲ್ ಕಲಾಂ ಯೋಜನಾ ನಿರ್ದೇಶಕರಾಗಿದ್ದರು. ಅದರ ಮೊದಲ ಉಡಾವಣೆ 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ನಡೆದು ವಿಫಲವಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು ವಾಹನ ಬಂಗಾಳ ಕೊಲ್ಲಿಗೆ ಬಿದ್ದಿತು. ದಣಿದು ಕುಗ್ಗಿಹೋಗಿದ್ದ ಕಲಾಂ ಕೋಣೆಗೆ ಹೋಗಿ ಮಲಗಿಬಿಟ್ಟಿದ್ದರು. ಮಧ್ಯಾಹ್ನ ಕಳೆದು ಸಂಜೆಯಾಗುತ್ತಿದ್ದಾಗ ಹಿರಿಯರಾದ ಬ್ರಹ್ಮ ಪ್ರಕಾಶ್ ಮಂಚದ ಬಳಿ ಬಂದು ಕುಳಿತು, ಮೆಲ್ಲನೆ ಎಬ್ಬಿಸಿ, ಊಟಕ್ಕೆ ಕರೆದರು. ಕಲಾಂ ತಮ್ಮ ಆತ್ಮಕಥೆಯಲ್ಲಿ ಈ ಘಟನೆಯನ್ನು ಕೃತಜ್ಞತೆಯಿಂದ ದಾಖಲಿಸಿದ್ದಾರೆ. ತಾಂತ್ರಿಕ ಚರಿತ್ರೆಗಳಲ್ಲಿ ಇಂಥವು ಸಾಮಾನ್ಯವಾಗಿ ಬರುವುದಿಲ್ಲ. ಬ್ರಹ್ಮ ಪ್ರಕಾಶರ ಮೃದುಸ್ವಭಾವದ ಬಗ್ಗೆ ಇದು ಪದವಿ ಪುರಸ್ಕಾರಗಳ ಪಟ್ಟಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಅವರು 1979ರಲ್ಲಿ ನಿರ್ದೇಶಕ ಸ್ಥಾನದಿಂದ ನಿವೃತ್ತರಾದರು, ವಸಂತ ಗೋವಾರೀಕರ್ ಆ ಹೊಣೆ ಹೊತ್ತರು. ಎಸ್‌ಎಲ್‌ವಿ-3 ತನ್ನ ಎರಡನೆಯ ಯತ್ನದಲ್ಲಿ, 1980ರ ಜುಲೈ 18ರಂದು, ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಪ್ರಶಸ್ತಿ, ಗೌರವಗಳು

ಭಾರತ ಸರ್ಕಾರವು 1961ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿ ಬ್ರಹ್ಮ ಪ್ರಕಾಶರನ್ನು ಗೌರವಿಸಿತು. 1963ರಲ್ಲಿ ಇಂಜಿನಿಯರಿಂಗ್ ವಿಜ್ಞಾನಗಳ ವಿಭಾಗದಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಲಭಿಸಿತು. ಲಾಹೋರಿನ ದಿನಗಳ ಹಿರಿಯರ ಹೆಸರಿನ ಈ ಪ್ರಶಸ್ತಿ ಅವರಿಗೆ ವಿಶೇಷವಾಗಿದ್ದಿರಬೇಕು. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರ ಹೆಸರಿನಲ್ಲಿ ಸ್ಮಾರಕ ಪದಕವನ್ನು ಸ್ಥಾಪಿಸಿದೆ. ಭಾರತೀಯ ಲೋಹ ಸಂಸ್ಥೆಯ ಬೆಂಗಳೂರು ಶಾಖೆಯು ಅವರ ಸ್ಮರಣಾರ್ಥ ಉಪನ್ಯಾಸವನ್ನು ನಡೆಸಿಕೊಂಡು ಬಂದಿದೆ. ಹೈದರಾಬಾದಿನ ಮಿಶ್ರ ಧಾತು ನಿಗಮದ ವಸತಿ ಪ್ರದೇಶದಲ್ಲಿರುವ ಶಾಲೆಗೆ ಅವರ ಹೆಸರಿಡಲಾಗಿದೆ.

ಕೈಗಾ ಮತ್ತು ಜಿರ್ಕೋನಿಯಂ

ಕರ್ನಾಟಕದ ಓದುಗರಿಗೆ ಈ ಲೋಹಶಾಸ್ತ್ರದ ಹತ್ತಿರದ ಉದಾಹರಣೆ ಉತ್ತರ ಕನ್ನಡದ ಕೈಗಾ. ಕಾಳಿ ನದಿಯ ದಂಡೆಯಲ್ಲಿರುವ ಈ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಪ್ರತಿಯೊಂದರಲ್ಲಿಯೂ 306 ಅಡ್ಡ ಕೊಳವೆಗಳು, ಒಂದೊಂದು ಕೊಳವೆಯಲ್ಲಿ ಸಾಲಾಗಿ 12 ಇಂಧನದ ಕಟ್ಟುಗಳು. ಸುಮಾರು ಅರ್ಧ ಮೀಟರ್ ಉದ್ದದ ಪ್ರತಿ ಕಟ್ಟಿನಲ್ಲಿ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳನ್ನು ತುಂಬಿದ 19 ಜಿರ್ಕಲಾಯ್ ಕೊಳವೆಗಳು. ಅವೆಲ್ಲವೂ ಹೈದರಾಬಾದಿನ ಸಂಕೀರ್ಣದಲ್ಲಿ ತಯಾರಾಗಿ ಬರುತ್ತವೆ. ಕಟ್ಟುಗಳನ್ನು ಹಿಡಿದಿರುವ ಒತ್ತಡದ ಕೊಳವೆಗಳೂ ಜಿರ್ಕೋನಿಯಂಗೆ ಶೇಕಡಾ 2.5ರಷ್ಟು ನಯೋಬಿಯಂ ಬೆರೆಸಿದ ಮಿಶ್ರಲೋಹದವು. ರಿಯಾಕ್ಟರನ್ನು ನಿಲ್ಲಿಸದೆಯೇ ಹಳೆಯ ಕಟ್ಟುಗಳನ್ನು ತೆಗೆದು ಹೊಸದನ್ನು ತೂರಿಸಬಹುದಾದ್ದರಿಂದ ಇಂಥ ಘಟಕ ಬಹುಕಾಲ ಸತತವಾಗಿ ನಡೆಯಬಲ್ಲದು. ಕೈಗಾದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ವಿದ್ಯುತ್ ಉತ್ಪಾದಿಸಿ ಆಗಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದು ಘಟಕ ಆ ದಾಖಲೆಯನ್ನು ಮೀರಿತು.